ಮೋಹನ ರಾಗದ ದೇವರನಾಮಕ್ಕೆ ಬೋಸಾ ನೋವಾ ಗಿಟಾರ್: ನಾವು ಎಡವಿದ್ದು ಎಲ್ಲಿ?

ಪಾಠದಮನೆ, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಸೋಮೇಶ್ವರಪುರಂನಲ್ಲಿ 18 ವರ್ಷಗಳಿಂದ ಮನೆಯಲ್ಲಿಯೇ ಮಕ್ಕಳಿಗೆ ಕರ್ನಾಟಕ ಸಂಗೀತದ ಗಾಯನ ಪಾಠ ಹೇಳಿಕೊಡುತ್ತಿದ್ದೇನೆ. ಪಾಶ್ಚಾತ್ಯ ಸಂಗೀತದ ಪರಿಚಯ ನನಗೆ ಅಷ್ಟಾಗಿ ಇಲ್ಲ. ಗಿಟಾರ್ ನುಡಿಸುವ ನನ್ನ ಅಕ್ಕನ ಮಗ ಕಳೆದ ದಸರಾ ರಜೆಯಲ್ಲಿ ಬಂದಿದ್ದಾಗ ಬ್ರೆಜಿಲ್ ದೇಶದ ಜೊವಾವ್ ಜಿಲ್ಬರ್ಟೊ ಮತ್ತು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಜ್ ಅವರು 1963ರಲ್ಲಿ ಕೂಡಿ ಮಾಡಿದ, ಸಾಂಬಾ ಮತ್ತು ಜಾಝ್ ಬೆರೆತ ಬೋಸಾ ನೋವಾ ಎಂಬ ಬ್ರೆಜಿಲ್ ಶೈಲಿಯ ಧ್ವನಿಮುದ್ರಣವನ್ನು ಕೇಳಿಸಿದ. ಅಂದಿನಿಂದ ರಾತ್ರಿ ಪಾಠ ಮುಗಿದ ಮೇಲೆ ಅದನ್ನು ಕೇಳದೆ ಮಲಗಿದ ದಿನಗಳು ಕಡಿಮೆ.

ಮೊದಲ ದಿನ ನನಗೆ ಗಾಯಕರು ತಾಳ ತಪ್ಪುತ್ತಿದ್ದಾರೆ ಎಂದೇ ಅನ್ನಿಸಿತು. ಗಿಟಾರಿನ ನಡೆ ಒಂದು ಕಡೆ ಗಟ್ಟಿಯಾಗಿ ನಿಂತಿದ್ದರೆ, ಸಾಹಿತ್ಯದ ಅಕ್ಷರಗಳು ಒಮ್ಮೆ ಅದಕ್ಕಿಂತ ಮುಂದೆ ಜಾರುತ್ತವೆ, ಇನ್ನೊಮ್ಮೆ ಹಿಂದೆ ಉಳಿಯುತ್ತವೆ. ತೊಡೆಯ ಮೇಲೆ ಆದಿತಾಳ ಹಾಕಿಕೊಂಡು ಮತ್ತೆ ಕೇಳಿದಾಗ, ಅಷ್ಟೆಲ್ಲ ಅಲೆದಾಡಿದ ಧ್ವನಿ ಸಾಲಿನ ಕೊನೆಯಲ್ಲಿ ಸರಿಯಾದ ಜಾಗಕ್ಕೇ ಬಂದು ಸೇರುವುದು ಗಮನಕ್ಕೆ ಬಂತು.

ಈ ಉತ್ಸಾಹದಲ್ಲಿ ಪುರಂದರದಾಸರ ಆರಾಧನೆಯ ದಿನ ಮನೆಯಲ್ಲಿ, ಮಕ್ಕಳು ಮತ್ತು ಅವರ ತಂದೆತಾಯಿಯರ ಎದುರಿಗೆ, ಮೋಹನ ರಾಗದಲ್ಲಿ ಒಂದು ದೇವರನಾಮವನ್ನು ಅಕ್ಕನ ಮಗನ ಬೋಸಾ ನೋವಾ ಗಿಟಾರಿನೊಂದಿಗೆ ಹಾಡಿದೆ. ಅದು ಕೂಡಿಬರಲಿಲ್ಲ. ಅವನು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬದಲಿಸಿದಾಗಲೆಲ್ಲ ನನ್ನ ಗಾಂಧಾರ ಎಲ್ಲಿದೆ ಎಂದು ನಾನೇ ಹುಡುಕುವಂತಾಯಿತು. ಹಾಡು ಮುಗಿದ ಮೇಲೆ ಒಂಬತ್ತು ವರ್ಷದ ಶಿಷ್ಯೆಯೊಬ್ಬಳು, "ಮಿಸ್, ಶ್ರುತಿಪೆಟ್ಟಿಗೆ ಒಂದೇ ಕಡೆ ಇತ್ತು, ಆದ್ರೆ ಶ್ರುತಿ ಓಡಾಡ್ತಾ ಇತ್ತು" ಎಂದಳು. ಆ ಮಗುವಿನ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಬ್ರೆಜಿಲ್‌ನ ಸಾಂಬಾ ಮತ್ತು ಅಮೆರಿಕದ ಜಾಝ್ ಇಷ್ಟು ಸಹಜವಾಗಿ ಒಂದಾಗಿರುವಾಗ ನಮ್ಮದು ಏಕೆ ಒಡೆದುಹೋಯಿತು? ಆ ಗಾಯಕರು ಮುಂದೆ ಹಿಂದೆ ಹಾಡುವುದಕ್ಕೆ ಏನಾದರೂ ಕ್ರಮವಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಊರಿಗಾಂ ಗಿಟಾರ್, ಕೆಜಿಎಫ್

ಮೇಡಂ, ತಮ್ಮ ಶಿಷ್ಯೆ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಉತ್ತರವೆಲ್ಲ ಆ ಒಂದು ಮಾತಿನ ವಿವರಣೆಯೇ ಆಗಿದೆ.

ನಮ್ಮ ತಂದೆ ಗಣಿಯಲ್ಲಿ ಕೆಲಸದಲ್ಲಿದ್ದರು. ಆಂಗ್ಲೋ ಇಂಡಿಯನ್ ಕುಟುಂಬಗಳ ನಡುವೆ ಬೆಳೆದ ನನಗೆ ಗಿಟಾರ್ ಕಲಿಸಿದವರು ಪಕ್ಕದ ಮನೆಯ ಹಿರಿಯರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರೆಲ್ಲ ಊರು ಬಿಟ್ಟರೂ ಅವರು ಕಲಿಸಿದ ಬೋಸಾ ನೋವಾದ ಬಲಗೈ ನನ್ನಲ್ಲಿ ಉಳಿದಿದೆ. ಹೆಬ್ಬೆರಳು ಪ್ರತಿ ಪೆಟ್ಟಿಗೂ ದಪ್ಪ ತಂತಿಯನ್ನು ಒಂದೇ ಸಮನೆ ಮೀಟುತ್ತಾ ಹೋಗಬೇಕು. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರೂ ಸೇರಿ ಉಳಿದ ತಂತಿಗಳನ್ನು ಒಟ್ಟಿಗೆ, ಪೆಟ್ಟುಗಳ ಸಂದಿಯಲ್ಲಿ, ಮೇಲಕ್ಕೆ ಎಳೆದು ಬಿಡಬೇಕು. ಇದು ಸಾಂಬಾ ಮೇಳದ ಎರಡು ವಾದ್ಯಗಳು ಒಂದೇ ಕೈಗೆ ಬಂದು ಕುಳಿತ ಬಗೆ. ಹೆಬ್ಬೆರಳು ಸುರ್ದೊ ಎಂಬ ದೊಡ್ಡ ಡೋಲಿನ ಕೆಲಸವನ್ನೂ, ಮೂರು ಬೆರಳುಗಳು ತಾಂಬೊರಿಂ ಎಂಬ ಅಂಗೈಯಗಲದ ಸಣ್ಣ ಚರ್ಮವಾದ್ಯದ ಕೆಲಸವನ್ನೂ ಮಾಡುತ್ತವೆ. ಬಾಹಿಯಾ ಪ್ರಾಂತ್ಯದ ಜುವಜೇರೊ ಊರಿನಲ್ಲಿ 1931ರಲ್ಲಿ ಹುಟ್ಟಿದ ಜಿಲ್ಬರ್ಟೊ, ಡಯಾಮಂಟಿನಾದಲ್ಲಿದ್ದ ಸಹೋದರಿಯ ಮನೆಯಲ್ಲಿ, ಸ್ನಾನದ ಕೋಣೆಯ ಮಾರ್ದನಿಯಲ್ಲಿ ಕುಳಿತು ಈ ನಡೆಯನ್ನು ತಿಂಗಳುಗಟ್ಟಲೆ ಸಾಧನೆ ಮಾಡಿದರೆಂದು ಹೇಳುತ್ತಾರೆ. 1958ರಲ್ಲಿ ಬಂದ ಅವರ ಮೊದಲ ಪ್ರಸಿದ್ಧ ಧ್ವನಿಮುದ್ರಣದಲ್ಲಿ ಈ ಕೈ ಪೂರ್ಣವಾಗಿ ಕೇಳಿಸುತ್ತದೆ.

ಆದ್ದರಿಂದ ಜಾಝ್ ಅಲ್ಲಿಗೆ ಬಂದದ್ದು ತಾಳದ ದಾರಿಯಿಂದ ಅಲ್ಲ, ಕಾರ್ಡುಗಳ ದಾರಿಯಿಂದ. ಆಂಟೋನಿಯೊ ಕಾರ್ಲೋಸ್ ಜೊಬಿಂ ಅವರಂತಹ ರಚನಕಾರರು ಸಾಂಬಾದ ನಡೆಯನ್ನು ಹಾಗೆಯೇ ಇಟ್ಟುಕೊಂಡು, ಅದರ ಕೆಳಗೆ ಜಾಝ್ ಮತ್ತು ಫ್ರೆಂಚ್ ಸಂಗೀತದ ದಟ್ಟವಾದ ಸ್ವರಗುಚ್ಛಗಳನ್ನು ಹಾಸಿದರು. ಜೊಬಿಂ ಅವರ ಒಂದು ರಚನೆಯಲ್ಲಿ ಗಾಯಕ ಬಹಳ ಹೊತ್ತು ಒಂದೇ ಸ್ವರವನ್ನು ಹಿಡಿದಿರುತ್ತಾನೆ. ಕೆಳಗೆ ಕಾರ್ಡುಗಳು ಮಾತ್ರ ಮೆಟ್ಟಿಲಿಳಿದ ಹಾಗೆ ಇಳಿಯುತ್ತವೆ. ಸ್ವರ ಅಲುಗಾಡದಿದ್ದರೂ, ಕೇಳುವವರ ಕಿವಿಗೆ ಆ ಒಂದೇ ಸ್ವರ ಈಗ ಪಂಚಮ, ಈಗ ಗಾಂಧಾರ, ಈಗ ನಿಷಾದ ಎಂಬಂತೆ ಬಣ್ಣ ಬದಲಿಸುತ್ತದೆ. ಅವರ ಸಂಗೀತಕ್ಕೆ ಇದೇ ಸೊಗಸು. ನಮ್ಮ ಸಂಗೀತದಲ್ಲಿ ಆಧಾರ ಸ್ವರವಾದ ಷಡ್ಜ ಅಲುಗಿದರೆ ಮನೆಯ ಅಡಿಪಾಯವೇ ಅಲುಗಿದಂತೆ. ತಮ್ಮ ಶಿಷ್ಯೆಗೆ ಕೇಳಿಸಿದ್ದು ಈ ಓಡಾಟವೇ.

ಇನ್ನು ಮೋಹನದ ಲೆಕ್ಕವನ್ನು ನೋಡೋಣ. ಬೋಸಾ ನೋವಾ ಕಲಿತ ಹುಡುಗರ ಕೈ ಮೊದಲು ಹೋಗುವುದು ಮೇಜರ್ ಸೆವೆಂತ್ ಕಾರ್ಡಿಗೆ. ಅದರಲ್ಲಿ ಸ, ಗ, ಪ ಜೊತೆಗೆ ಕಾಕಲಿ ನಿಷಾದವಿದೆ. ಎರಡನೆಯದು ರಿಷಭದ ಮೇಲಿನ ಮೈನರ್ ಸೆವೆಂತ್. ಅದರಲ್ಲಿ ಶುದ್ಧ ಮಧ್ಯಮವಿದೆ. ಮೋಹನದಲ್ಲಿ ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ತಾವು ಎಷ್ಟೇ ಶುದ್ಧವಾಗಿ ಹಾಡಿದರೂ ಗಿಟಾರ್ ಪ್ರತಿ ಆವರ್ತದಲ್ಲಿಯೂ ರಾಗದ ಹೊರಗಿನ ಸ್ವರಗಳನ್ನು ತಂದು ತಮ್ಮ ಪಕ್ಕದಲ್ಲಿ ಕೂರಿಸಿದೆ.

ಇದಕ್ಕೆ ಪರಿಹಾರವೂ ಬೋಸಾ ನೋವಾದೊಳಗೇ ಇದೆ. ಸಿಕ್ಸ್ ನೈನ್ ಎಂದು ಕರೆಯುವ ಕಾರ್ಡನ್ನು ಬ್ರೆಜಿಲ್‌ನ ಗಿಟಾರ್ ವಾದಕರು ಬಹಳ ಬಳಸುತ್ತಾರೆ. ಅದರ ಸ್ವರಗಳು ಸ, ರಿ, ಗ, ಪ, ದ. ಅಂದರೆ ಐದಕ್ಕೆ ಐದೂ ಮೋಹನ. ಧೈವತದ ಮೇಲಿನ ಮೈನರ್ ಸೆವೆಂತ್ ಕೂಡ ದ, ಸ, ಗ, ಪ ಆಗಿ ರಾಗದೊಳಗೇ ನಿಲ್ಲುತ್ತದೆ. ತಾವು ಐದೂವರೆ ಮನೆ ಶ್ರುತಿಯಲ್ಲಿ ಹಾಡುವವರಾದರೆ, ಗಿಟಾರಿನ ಮೊದಲನೆಯ ಮನೆಗೆ ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಪಟ್ಟಿ) ಹಾಕಿ ಜಿ ಆಕಾರದಲ್ಲಿ ನುಡಿಸಲು ಅಕ್ಕನ ಮಗನಿಗೆ ಹೇಳಿ. ಈ ಎರಡು ಕಾರ್ಡುಗಳಲ್ಲೇ ಇಡೀ ಹಾಡು ಸಾಗಲಿ.

ಚಿಂತಾಮಣಿ ಮೃದಂಗ

ಶ್ರುತಿಯ ವಿಷಯವನ್ನು ಊರಿಗಾಂ ಸರ್ ಸ್ಪಷ್ಟಪಡಿಸಿದ್ದಾರೆ. ನಾನು ಮೃದಂಗ ನುಡಿಸುವವನು, ಆದ್ದರಿಂದ ಲಯದ ಮಾತನ್ನಷ್ಟೇ ಆಡುತ್ತೇನೆ.

ಮೇಡಂ, ತಾವು ತೊಡೆಯ ಮೇಲೆ ಆದಿತಾಳ ಹಾಕಿ ನೋಡಿದ್ದು ಸರಿಯಾದ ದಾರಿ. ಅದನ್ನೇ ಇನ್ನೊಂದು ಹೆಜ್ಜೆ ಮುಂದುವರಿಸಿ. ತಾಳದ ಪ್ರತಿ ಎಣಿಕೆಗೆ 4 ಮಾತ್ರೆಯಂತೆ ಲಘುವಿನಲ್ಲಿ, ಅಂದರೆ ಆದಿತಾಳದ ಮೊದಲ ನಾಲ್ಕು ಎಣಿಕೆಗಳಲ್ಲಿ, 16 ಮಾತ್ರೆಗಳಾಗುತ್ತವೆ. ಬೋಸಾ ನೋವಾದಲ್ಲಿ ಡ್ರಮ್ಮಿನ ಅಂಚಿನ ಮೇಲೆ ಕಡ್ಡಿಯಿಂದ ಕೊಡುವ ಪೆಟ್ಟುಗಳ ಹಂಚಿಕೆ ಈ 16ರಲ್ಲಿ ಮೂರು, ಮೂರು, ನಾಲ್ಕು, ಮೂರು, ಮೂರು. ನಮ್ಮ ಸೊಲ್ಲುಗಳಲ್ಲಿ "ತಕಿಟ ತಕಿಟ ತಕಧಿಮಿ ತಕಿಟ ತಕಿಟ". ಪ್ರತಿ ಸೊಲ್ಲಿನ ಮೊದಲ ಅಕ್ಷರಕ್ಕೆ ಮಾತ್ರ ಒತ್ತು ಕೊಟ್ಟು ಹೇಳಿ ನೋಡಿದರೆ, ಐದು ಒತ್ತುಗಳಲ್ಲಿ ಮೊದಲನೆಯದು ಮಾತ್ರ ತಾಳದ ಎಣಿಕೆಯ ಮೇಲೆ ಬೀಳುತ್ತದೆ, ಉಳಿದ ನಾಲ್ಕೂ ಸಂದಿಗಳಲ್ಲಿ ಬೀಳುತ್ತವೆ. ಲಘುವಿನಲ್ಲಿ ಒಂದು ಸುತ್ತು, ಉಳಿದ ನಾಲ್ಕು ಎಣಿಕೆಗಳ ಎರಡು ದ್ರುತಗಳಲ್ಲಿ ಇನ್ನೊಂದು ಸುತ್ತು ಮುಗಿಯುತ್ತದೆ. ಈ ಲೆಕ್ಕವನ್ನು ಪ್ರತಿಯೊಬ್ಬ ಬ್ರೆಜಿಲ್ ವಾದಕನೂ ಅಕ್ಷರಶಃ ಪಾಲಿಸುತ್ತಾನೆ ಎಂದು ಭಾವಿಸಬಾರದು. ಜಿಲ್ಬರ್ಟೊ ಅವರ ಬೆರಳುಗಳಂತೂ ಇದನ್ನು ಸುತ್ತುಸುತ್ತಿಗೂ ಬದಲಿಸುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ಸಾಂಬಾದಲ್ಲಿ ಸುರ್ದೊವಿನ ಅತ್ಯಂತ ಗಂಭೀರವಾದ ಪೆಟ್ಟು ಬೀಳುವುದು ಎರಡು ಎಣಿಕೆಗಳಲ್ಲಿ ಎರಡನೆಯದರ ಮೇಲೆ. ನಮ್ಮ ದ್ರುತದಲ್ಲಿ ಒಂದು ಪೆಟ್ಟು, ಒಂದು ಹುಸಿ. ಅವರ ಭಾರವೆಲ್ಲ ಹುಸಿಯ ಮೇಲೆ ಬರುತ್ತದೆ ಎಂದುಕೊಳ್ಳಿ. ನಾವು ಕೈಯನ್ನು ಖಾಲಿಯಾಗಿ ತಿರುಗಿಸುವ ಜಾಗದಲ್ಲಿ ಅವರ ದೊಡ್ಡ ಡೋಲು ಮೊಳಗುತ್ತದೆ. ಅಮೆರಿಕದ ವಾದಕರು ಬೋಸಾ ನೋವಾವನ್ನು ಮೊದಲು ಕೈಗೆತ್ತಿಕೊಂಡಾಗ ಈ ತೂಕ ಅವರಿಗೂ ಸುಲಭವಾಗಿ ದಕ್ಕಲಿಲ್ಲ. ಗೆಟ್ಜ್ ಮತ್ತು ಗಿಟಾರ್ ವಾದಕ ಚಾರ್ಲಿ ಬರ್ಡ್ 1962ರಲ್ಲಿ ವಾಷಿಂಗ್ಟನ್‌ನ ಒಂದು ಚರ್ಚಿನಲ್ಲಿ ಮಾಡಿದ ಧ್ವನಿಮುದ್ರಣದಲ್ಲಿ ಇಬ್ಬರು ಡ್ರಮ್ ವಾದಕರಿದ್ದರೂ ನಡೆ ಸ್ವಲ್ಪ ಬಿಗಿಯಾಗಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ತಾವು ಕೇಳಿದ 1963ರ ಮುದ್ರಣದಲ್ಲಿ ಡ್ರಮ್, ಗಿಟಾರ್, ಪಿಯಾನೋ ಮೂರೂ ಬ್ರೆಜಿಲ್‌ನವರ ಕೈಯಲ್ಲಿದ್ದವು. ಗೆಟ್ಜ್ ಅವರ ಸ್ಯಾಕ್ಸೊಫೋನ್ ಅದರ ಮೇಲೆ ತೇಲಿತು. ಎರಡನ್ನೂ ಒಂದಾದ ಮೇಲೊಂದು ಕೇಳಿದರೆ ನನ್ನ ಮಾತು ತಮಗೆ ತಿಳಿಯುತ್ತದೆ.

ಮುಂದೆ ಹಿಂದೆ ಹಾಡುವುದರ ಬಗ್ಗೆ: ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಮುಂಚೆಯೇ ಸಾಹಿತ್ಯವನ್ನು ಎತ್ತಿಕೊಂಡರೆ ಅತೀತ, ಸಮ ಕಳೆದ ಮೇಲೆ ಎತ್ತಿಕೊಂಡರೆ ಅನಾಗತ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಅದು ರಚನೆಯಲ್ಲಿಯೇ ನಿಗದಿಯಾದ ಎಡುಪು (ಹಾಡನ್ನು ಎತ್ತಿಕೊಳ್ಳುವ ಜಾಗ). ಜಿಲ್ಬರ್ಟೊ ಒಂದೇ ಸಾಲನ್ನು ಎರಡನೆಯ ಸಲ ಹಾಡುವಾಗ ಬೇರೆ ಜಾಗದಲ್ಲಿ ಎತ್ತಿಕೊಳ್ಳುತ್ತಾರೆ. ಹೀಗಾಗಿ ಅದನ್ನು ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನಮ್ಮ ನೆರವಲ್‌ಗೆ ಹೋಲಿಸುವುದು ಹೆಚ್ಚು ಸರಿ. ಗಿಟಾರ್ ಮತ್ತು ಧ್ವನಿ ಎರಡೂ ಒಬ್ಬರದೇ ಆಗಿರುವುದರಿಂದ ಅವರಿಗೆ ಆ ಧೈರ್ಯವಿತ್ತು.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಎಲ್ಲರಿಗೂ ತಿಳಿದಿದೆ. ತಮಟೆಯಲ್ಲಿ ಒಂದು ಕೈಯ ದಪ್ಪ ಕೋಲು ಮತ್ತು ಇನ್ನೊಂದು ಕೈಯ ತೆಳುವಾದ ಕಡ್ಡಿ ಬೇರೆ ಬೇರೆ ಕೆಲಸ ಮಾಡುವುದನ್ನು ಜಾತ್ರೆಯಲ್ಲಿ ಹತ್ತಿರ ನಿಂತು ನೋಡಿದವರಿಗೆ, ಹೆಬ್ಬೆರಳು ಮತ್ತು ಮೂರು ಬೆರಳುಗಳ ಈ ವಿಂಗಡಣೆ ಅಪರಿಚಿತ ಎನಿಸುವುದಿಲ್ಲ.

ಗುಬ್ಬಿ ಶ್ರೋತೃ

ಇಬ್ಬರೂ ಬರೆದದ್ದನ್ನು ಎರಡು ಸಲ ಓದಿದೆ. ಊರಿಗಾಂ ಅವರ ಸಲಹೆಯ ಬಗ್ಗೆ ನನ್ನದೊಂದು ಭಿನ್ನಾಭಿಪ್ರಾಯವಿದೆ. ಮೋಹನದೊಳಗಿನ ಎರಡೇ ಕಾರ್ಡುಗಳನ್ನು ಹಿಡಿದು ಕುಳಿತರೆ ರಾಗ ಉಳಿಯುತ್ತದೆ, ಆದರೆ ಅವರೇ ಸೊಗಸೆಂದು ಕರೆದ ಬಣ್ಣ ಬದಲಾವಣೆ ಇಲ್ಲವಾಗುತ್ತದೆ. ಆಗ ಉಳಿಯುವುದು ಸಾಂಬಾ ನಡೆಯ ತಂಬೂರಿ. ಅದೂ ಚೆನ್ನಾಗಿಯೇ ಇರಬಹುದು. ಆದರೆ ಅದನ್ನು ಜಾಝ್ ಜೊತೆಗಿನ ಬೆರಕೆ ಎನ್ನಲಾಗದು.

ದೇವರನಾಮವನ್ನು ಆರಿಸಿಕೊಂಡದ್ದರಲ್ಲಿಯೂ ಒಂದು ತೊಡಕಿದೆ. ದಾಸರ ಪದಗಳಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದ ಪ್ರಾಸ ತಾಳದಲ್ಲಿ ತನಗೆ ಗೊತ್ತಾದ ಜಾಗಕ್ಕೆ ಬಂದು ಬಿದ್ದಾಗಲೇ ಕಿವಿಗೆ ತೃಪ್ತಿ. ಅಕ್ಷರಗಳನ್ನು ಜಿಲ್ಬರ್ಟೊ ಅವರಂತೆ ಜಾರಿಸಿದರೆ ಪ್ರಾಸ ಚದುರುತ್ತದೆ, ಹ್ರಸ್ವವನ್ನು ಎಳೆದರೆ ಪದದ ಅರ್ಥವೇ ಕೆಡಬಹುದು. ಪೋರ್ಚುಗೀಸ್ ಭಾಷೆಯ ಮೂಗಿನ ಸ್ವರಗಳು ಪಿಸುದನಿಗೆ ಒಗ್ಗುವಂತೆ ಕನ್ನಡದ ತೆರೆದ ಸ್ವರಗಳು ಒಗ್ಗುತ್ತವೆಯೇ ಎಂಬುದನ್ನೂ ಯೋಚಿಸಬೇಕು. ನಮ್ಮಲ್ಲಿ ಆ ದನಿ ಇರುವುದು ಜೋಗುಳದಲ್ಲಿ.

ಆದ್ದರಿಂದ ಸಾಹಿತ್ಯವಿಲ್ಲದ ಗಾಯನದಿಂದ ಆರಂಭಿಸಬಾರದೇಕೆ? ಬ್ರೆಜಿಲ್‌ನಲ್ಲಿ ಇದಕ್ಕೆ ದೊಡ್ಡ ಪರಂಪರೆಯೇ ಇದೆ. ರಚನಕಾರ ವಿಲಾ ಲೋಬೊಸ್ ಅವರು 1938ರಲ್ಲಿ ಎಂಟು ಚೆಲ್ಲೋಗಳ ಮೇಲೆ ಒಂದು ಹೆಣ್ಣುದನಿಯನ್ನು ಆರಂಭದ ಭಾಗದಲ್ಲಿ ಬರೀ ಅಕಾರದಲ್ಲಿ ಹಾಡಿಸಿದರು. ಮಿನಾಸ್ ಜೆರಾಯಿಸ್ ಪ್ರಾಂತ್ಯದಲ್ಲಿ ಬೆಳೆದ ಮಿಲ್ಟನ್ ನಸಿಮೆಂಟೊ ಅವರ ಪದವಿಲ್ಲದ ಮೇಲ್‌ಸ್ಥಾಯಿಯ ಗಾಯನವನ್ನು ಅಮೆರಿಕದ ಸ್ಯಾಕ್ಸೊಫೋನ್ ವಾದಕ ವೇಯ್ನ್ ಶಾರ್ಟರ್ ತಮ್ಮ 1975ರ ಆಲ್ಬಂನಲ್ಲಿ ತಮ್ಮ ವಾದ್ಯಕ್ಕೆ ಸರಿಸಮನಾಗಿ ನಿಲ್ಲಿಸಿದರು. ಬ್ರೆಜಿಲ್‌ನ ಗಾಯಕಿ ಫ್ಲೋರಾ ಪುರಿಂ 1972ರಲ್ಲಿ ಅಮೆರಿಕದ ಜಾಝ್ ಪಿಯಾನೋ ವಾದಕ ಚಿಕ್ ಕೊರಿಯಾ ಅವರ ತಂಡದಲ್ಲಿ ಹಾಡಿದಾಗಲೂ ಧ್ವನಿ ಅನೇಕ ಕಡೆ ಬರೀ ನಾದವಾಗಿಯೇ ಇದೆ. ಹಾಡಿಗೆ ಪಕ್ಕವಾದ್ಯ ಕೂಡಿಸುವ ಕ್ರಮ ಅಲ್ಲಿಲ್ಲ, ಧ್ವನಿಯೂ ವಾದ್ಯಗಳಲ್ಲಿ ಒಂದಾಗಿದೆ.

ಭಾರತದ ಸಂಗೀತವೂ ಈ ಸಹವಾಸಕ್ಕೆ ಹೊಸದಲ್ಲ. ರವಿಶಂಕರ್ ಅವರಲ್ಲಿ ಸಿತಾರ್ ಮತ್ತು ಅಲ್ಲಾ ರಖಾ ಅವರಲ್ಲಿ ತಬಲಾ ಕಲಿತ ಅಮೆರಿಕದ ಕಾಲಿನ್ ವಾಲ್ಕಾಟ್, ಜಾಝ್ ತುತ್ತೂರಿಯ ಡಾನ್ ಚೆರಿ ಮತ್ತು ಬ್ರೆಜಿಲ್‌ನ ನಾನಾ ವಾಸ್ಕೊನ್ಸೆಲೊಸ್ ಮೂವರೂ ಕೂಡಿ 1978ರಲ್ಲಿ ಧ್ವನಿಮುದ್ರಣ ಮಾಡಿದರು. ವಾಸ್ಕೊನ್ಸೆಲೊಸ್ ನುಡಿಸುತ್ತಿದ್ದ ಬೆರಿಂಬಾವ್, ಬಿಲ್ಲಿಗೆ ಸೋರೆಬುರುಡೆ ಕಟ್ಟಿದ ಒಂಟಿ ತಂತಿಯ ವಾದ್ಯ. ನಮ್ಮ ಏಕತಾರಿ ಹಿಡಿದು ತತ್ವಪದ ಹಾಡುವವರು ಅದನ್ನು ನೋಡಿದರೆ ಕೈಗೆತ್ತಿಕೊಳ್ಳದೆ ಇರಲಾರರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಕಲಾವಿದರು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ 1983ರಲ್ಲಿ ಮಾಡಿದ ಮುದ್ರಣದಲ್ಲಿ ಆರ್. ಎ. ರಮಾಮಣಿ ಅವರ ಗಾಯನವಿದೆ. ಅದು ಬ್ರೆಜಿಲ್‌ನದಲ್ಲ. ಆದರೂ ಷಡ್ಜ ಬಿಡದೆ ಜಾಝ್ ವಾದಕನೊಂದಿಗೆ ಹಾಡುವುದು ಹೇಗೆ ಎಂಬುದಕ್ಕೆ ತಾವು ಅದನ್ನು ಕೇಳಲೇಬೇಕು.

ಕೊನೆಯದಾಗಿ ಒಂದು ರಾಗದ ಸೂಚನೆ. ಬ್ರೆಜಿಲ್‌ನ ಈಶಾನ್ಯ ಭಾಗದ ಬಯಾವ್ ಎಂಬ ಪ್ರಕಾರದಲ್ಲಿ ಪ್ರತಿಮಧ್ಯಮ ಮತ್ತು ಕೈಶಿಕಿ ನಿಷಾದ ಕೂಡಿದ ಸ್ವರಶ್ರೇಣಿ ಆಗಾಗ ಬರುತ್ತದೆ. ಅದರ ಸ್ವರಸ್ಥಾನಗಳು ನಮ್ಮ 64ನೆಯ ಮೇಳಕರ್ತ ರಾಗವಾದ ವಾಚಸ್ಪತಿಯವೇ. ಜಾಝ್ ವಾದಕರಿಗೂ ಇದು ಚಿರಪರಿಚಿತ. ಸ್ವರಸ್ಥಾನ ಒಂದೇ ಆದ ಮಾತ್ರಕ್ಕೆ ರಾಗವಾಗುವುದಿಲ್ಲ ಎಂಬುದು ಮೇಡಂಗೆ ನಾನು ಹೇಳಬೇಕಾದ ವಿಷಯವಲ್ಲ. ಆದರೂ ಮೂರೂ ಕಡೆಯವರು ಒಂದೇ ಮೆಟ್ಟಿಲ ಮೇಲೆ ಕೂರಬಹುದಾದ ಜಾಗ ಇದು.

ಪಾಠದಮನೆ, ತುಮಕೂರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಭಾನುವಾರ ಅಕ್ಕನ ಮಗ ಬಂದಿದ್ದ. ಮೊದಲು ಕೇಪೋ ಹಾಕಿಸಿ ಸಿಕ್ಸ್ ನೈನ್ ಕಾರ್ಡನ್ನು ನುಡಿಸಲು ಹೇಳಿದೆ. ಅದೊಂದೇ ಕಾರ್ಡಿನ ಮೇಲೆ ಅರ್ಧ ಗಂಟೆ ಮೋಹನದ ಆಲಾಪನೆ ಮಾಡಿದೆ, ಗಾಂಧಾರ ಒಮ್ಮೆಯೂ ಕೈತಪ್ಪಲಿಲ್ಲ. ಮಕ್ಕಳು "ತಕಿಟ ತಕಿಟ ತಕಧಿಮಿ" ಹೇಳಿಕೊಂಡು ಕೈ ತಟ್ಟಿದರು. ಹುಸಿಯ ಮೇಲೆ ಭಾರ ಹಾಕುವುದು ಮಾತ್ರ ಅವರಿಗೂ ನನಗೂ ಇನ್ನೂ ಕೂಡಿಬಂದಿಲ್ಲ, ಎರಡು ಸುತ್ತು ಆಗುವಷ್ಟರಲ್ಲಿ ಕೈ ಮತ್ತೆ ಸಮಕ್ಕೇ ಓಡುತ್ತದೆ.

ಗುಬ್ಬಿಯವರ ಮಾತನ್ನು ಒಪ್ಪಿ ದೇವರನಾಮವನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ. ವಾಚಸ್ಪತಿಯಲ್ಲಿ ಅಕಾರದ ನಾಲ್ಕು ಸಾಲುಗಳನ್ನು ಕೂಡಿಸಿ ಬರೆದಿಟ್ಟಿದ್ದೇನೆ. ಅದಕ್ಕೆ ಯಾವ ಕಾರ್ಡುಗಳನ್ನು ಹಾಕಿದರೆ ಬಣ್ಣವೂ ಬದಲಾಗಿ ಷಡ್ಜವೂ ಉಳಿಯುತ್ತದೆ ಎಂಬುದನ್ನು ಊರಿಗಾಂ ಸರ್ ಅವರೇ ತಿಳಿಸಬೇಕು. ಸಾಲುಗಳನ್ನು ಸ್ವರಲಿಪಿಯೊಂದಿಗೆ ಇಂದು ಸಂಜೆ ಪಾಠ ಮುಗಿದ ಮೇಲೆ ಇಲ್ಲಿಯೇ ಹಾಕುತ್ತೇನೆ.