ಕುಕ್ಕುಲೋಟಕ್ಕೂ ನಾಗಾಲೋಟಕ್ಕೂ ನಡುವೆ ಏನಿದೆ?

ಗೋಣಿಕೊಪ್ಪಲಿನ ಹತ್ತಿರದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಪಿಯುಸಿ ಮುಗಿಸಿದವರಿಗೆ ಮುಂದೇನು ಎಂದು ತಿಳಿಸುವ ಚಿಕ್ಕ ಕೈಪಿಡಿಯೊಂದನ್ನು ಬರೆಯುವ ಹೊಣೆ ನನ್ನ ತಲೆಗೆ ಬಿದ್ದಿದೆ. ಕೊಡಗಿನಲ್ಲಿ ಸೈನ್ಯ, ಹಾಕಿ, ಕಾಫಿಯ ಬಗ್ಗೆ ಬರೆಯಲು ಯಾರೂ ನಿಘಂಟು ಬಿಚ್ಚಬೇಕಾಗಿಲ್ಲ. ಆದರೆ ಅಮ್ಮತ್ತಿ ಕಡೆಯ ವಿದ್ಯಾರ್ಥಿನಿಯೊಬ್ಬಳು, “ಮೇಡಂ, ರೇಸ್ ಕುದುರೆ ಸಾಕಿ ತಯಾರು ಮಾಡುವ ಕೆಲಸವನ್ನೂ ಸೇರಿಸಿ, ನಾನು ಹೋಗುವುದು ಅದಕ್ಕೇ” ಎಂದಳು. ಸಾಕಣೆ ಕಲಿಯಬೇಕಾದರೆ ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ ಇದೆ. ಓಟ ಕಲಿಸುವುದನ್ನು ನೋಡಬೇಕಾದರೆ ಮೈಸೂರು, ಬೆಂಗಳೂರು. ಅಷ್ಟನ್ನು ಬರೆದೆ. ಆಮೇಲೆ ಪದಗಳು ಕೈಕೊಟ್ಟವು.

ಮೊದಲ ತೊಡಕು ‘ಬ್ರೀಡರ್’. ಕಚೇರಿ ಕನ್ನಡದಲ್ಲಿ ಇದಕ್ಕೆ ‘ತಳಿ ಅಭಿವೃದ್ಧಿಗಾರ’ ಎನ್ನುವುದುಂಟು. ಚಂದ್ರಗಿರಿಯಂಥ ಕಾಫಿ ತಳಿಯನ್ನು ಹೊರತಂದವರಿಗೆ ಆ ಮಾತು ಒಪ್ಪುತ್ತದೆ. ರೇಸಿಗೆಂದೇ ಸಾಕುವ ಥರೋಬ್ರೆಡ್ ಎಂಬ ತಳಿಯ ಕುದುರೆಯ ವಿಷಯ ಹಾಗಲ್ಲ. ಈ ತಳಿಯ ಗಂಡು ವಂಶವೆಲ್ಲ ಹೋಗಿ ಮುಟ್ಟುವುದು ಮೂರೇ ಕುದುರೆಗಳಿಗೆ: ಬಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಇಂಗ್ಲೆಂಡಿನಲ್ಲಿ 1791ರಲ್ಲಿ ವಂಶಾವಳಿಯ ಪುಸ್ತಕ ಶುರುವಾಯಿತು. ಇಂದು ಅಂಥ ಪುಸ್ತಕದಲ್ಲಿ ಅಪ್ಪ ಅಮ್ಮ ಇಬ್ಬರ ಹೆಸರೂ ಇರದ ಮರಿಗೆ ರೇಸಿನಲ್ಲಿ ಜಾಗವಿಲ್ಲ. ಅಂದಮೇಲೆ ಇಲ್ಲಿ ಹೊಸ ತಳಿಯ ಮಾತೇ ಬರುವುದಿಲ್ಲ. ಯಾವ ಹೆಣ್ಣಿಗೆ ಯಾವ ಗಂಡು ಎಂದು ಜೋಡಿ ನೋಡುವುದು, ಆಮೇಲೆ ಹನ್ನೊಂದು ತಿಂಗಳು ಕಾಯುವುದು. ಮದುವೆ ದಲ್ಲಾಳಿಗೂ ಸೂಲಗಿತ್ತಿಗೂ ನಡುವಿನ ಉದ್ಯೋಗ. ಇದಕ್ಕೆ ಒಂದೇ ಪದ ಯಾರಿಗಾದರೂ ಹೊಳೆಯುತ್ತದೆಯೇ? ಸದ್ಯಕ್ಕೆ ‘ಕುದುರೆ ಸಾಕಣೆಗಾರ’ ಎಂದು ಬರೆದಿದ್ದೇನೆ, ತೃಪ್ತಿಯಿಲ್ಲ.

ಉಳಿದಂತೆ ಕೊಟ್ಟಿಗೆಯ ಕನ್ನಡ ನನ್ನ ಕೈಹಿಡಿಯಿತು. ಬೆದೆ, ಗಬ್ಬ ಎಂಬ ಮಾತುಗಳು ಹಸುವಿಗೆ ಹೇಗೋ ಕುದುರೆಗೂ ಹಾಗೆ ನಡೆಯುತ್ತವೆ. ಬೀಜದ ಹೋರಿ ಇದ್ದಮೇಲೆ ಸ್ಟಾಲಿಯನ್ನು ಬೀಜದ ಕುದುರೆ. ಗೆಲ್ಡಿಂಗು ಬೀಜ ಒಡೆದ ಕುದುರೆ. ಸಹೋದ್ಯೋಗಿಯೊಬ್ಬರು ಇದು ಗ್ರಾಮ್ಯವಾಯಿತು ಎಂದು ‘ನಿರ್ಬೀಜೀಕೃತ ಅಶ್ವ’ ಸೂಚಿಸಿದರು. ನಾನು ಚಹಾ ಕುಡಿದು ಎದ್ದುಬಂದೆ. ಹಸುವಿಗೆ ‘ಹೋರಿ ಕೊಡಿಸುವುದು’ ಎಂಬ ಮಾತು ಕೃತಕ ಗರ್ಭಧಾರಣೆ ಬಂದಮೇಲೆ ನಮ್ಮಲ್ಲಿ ಮರೆಯಾಗುತ್ತಿದೆ. ಥರೋಬ್ರೆಡ್ ಕುದುರೆಗಳಲ್ಲಿ ಕೃತಕ ಗರ್ಭಧಾರಣೆಯ ಮರಿಯನ್ನು ನೋಂದಾಯಿಸುವುದೇ ಇಲ್ಲ. ಹಾಗಾಗಿ ಆ ಹಳೆಯ ಮಾತಿಗೆ ಅಲ್ಲಿ ಇನ್ನೂ ಕೆಲಸವಿದೆ.

ಮರಿಗಳ ಹೆಸರಿನ ವಿಷಯ ಸ್ವಲ್ಪ ಬೇರೆ. ಹಸುವಿನದು ಕರು, ಆನೆ ಕುದುರೆಗಳದ್ದು ಮರಿ, ಇದರಲ್ಲಿ ಗೊಂದಲವಿಲ್ಲ. ಆದರೆ ಕೋಲ್ಟ್, ಫಿಲ್ಲಿ ಎಂದು ಎಳೆಯ ಗಂಡನ್ನೂ ಹೆಣ್ಣನ್ನೂ ಬೇರೆ ಮಾಡಿ ಹೇಳಬೇಕು. ತಮಾಷೆಯೆಂದರೆ ‘ಕಿಶೋರ’ ಎಂದರೆ ಸಂಸ್ಕೃತದಲ್ಲಿ ಕುದುರೆಯ ಮರಿಯೇ. ಅಮರಕೋಶದಲ್ಲಿ ಅದು ಬರುವುದು ಕುದುರೆಗಳ ಸಾಲಿನಲ್ಲಿ. ಈಗ ಕಿಶೋರ ಎಂದರೆ ಹಾಜರಿ ಪುಸ್ತಕದಿಂದ ಇಬ್ಬರು ಹುಡುಗರು ಎದ್ದು ನಿಲ್ಲುತ್ತಾರೆ. ಹೆಣ್ಣುಕುದುರೆಗೆ ಇದ್ದ ‘ವಡವಾ’ ನಮಗೆ ಉಳಿದಿರುವುದು ಬಡಬಾಗ್ನಿಯಲ್ಲಿ ಮಾತ್ರ. ಫಿಲ್ಲಿಗೆ ನನ್ನ ಮನಸ್ಸು ‘ಕಡಸು’ ಎನ್ನುತ್ತಿದೆ. ಇನ್ನೂ ಈಯದ ಎಳೆಯ ಹಸುವಿಗೆ ಇರುವ ಪದವನ್ನು ಕುದುರೆಗೆ ಎರವಲು ಕೊಡಬಹುದೇ? ಕೊಟ್ಟರೆ ಹಸು ಸಾಕಿದವರ ಕಿವಿಗೆ ಹೇಗೆ ಕೇಳಿಸುತ್ತದೆ?

ಈಗ ನಿಜವಾದ ಪ್ರಶ್ನೆಗೆ ಬರುತ್ತೇನೆ. ರೇಸ್ ಕುದುರೆಯ ಬೆಳಗು ಓಟದಲ್ಲಿ ಕಳೆಯುತ್ತದೆ, ಓಟದಲ್ಲಿ ಬಗೆಗಳಿವೆ. ಟ್ರಾಟ್ ಎಂಬ ನಿಧಾನದ ಓಟಕ್ಕೆ ನಮ್ಮಲ್ಲಿ ಚೆಂದದ ‘ಕುಕ್ಕುಲೋಟ’ ಇದೆ. ಗ್ಯಾಲಪ್ ಎಂಬ ಪೂರ್ತಿ ವೇಗದ ಓಟಕ್ಕೆ ‘ನಾಗಾಲೋಟ’ ಇದೆ. ನಡುವಿನ ಕ್ಯಾಂಟರ್‌ಗೆ? ಪೊಲೀಸ್ ಅಶ್ವದಳದಲ್ಲಿದ್ದು ನಿವೃತ್ತರಾದ ನೆರೆಯವರೊಬ್ಬರನ್ನು ಕೇಳಿದೆ. “ಕ್ಯಾಂಟರ್‌ಗೆ ಕ್ಯಾಂಟರ್ ಎಂದೇ ಹೇಳುತ್ತಿದ್ದೆವಮ್ಮ, ಕುದುರೆಗೂ ಅದೇ ಗೊತ್ತಿದ್ದದ್ದು” ಎಂದರು.

ನಾಗಾಲೋಟದಲ್ಲಿ ನಾಗರಹಾವಿಲ್ಲ. ನಮ್ಮ ಮಕ್ಕಳಲ್ಲಿ ಅರ್ಧ ಜನ ಇದೆಯೆಂದೇ ನಂಬಿದ್ದಾರೆ. ಅದು ನಾಲ್, ಕಾಲ್, ಓಟ ಸೇರಿ ಆದದ್ದು. ನಾನೂರು ಎನ್ನುವಾಗ ಬೀಳುವ ಲಕಾರವೇ ಇಲ್ಲೂ ಬಿದ್ದಿದೆ. ಕುದುರೆ ತಿಳಿದವರನ್ನು ಕೇಳಿದರೆ ಈ ಹೆಸರು ಎಷ್ಟು ಕರಾರುವಾಕ್ಕಾದದ್ದೆಂದು ತಿಳಿಯುತ್ತದೆ. ಟ್ರಾಟ್‌ನಲ್ಲಿ ಮುಂದಿನ ಎಡಗಾಲಿಗೆ ಹಿಂದಿನ ಬಲಗಾಲು ಎಂಬಂತೆ ಓರೆಯ ಕಾಲುಗಳು ಜೋಡಿಯಾಗಿ ಬೀಳುವುದರಿಂದ ಕಿವಿಗೆ ಎರಡೇ ಪೆಟ್ಟು. ಕ್ಯಾಂಟರ್‌ನಲ್ಲಿ ಒಂದು ಜೋಡಿ ಒಟ್ಟಿಗೆ ಬಿದ್ದು ಉಳಿದೆರಡು ಬೇರೆ ಬೇರೆ ಬೀಳುತ್ತವೆ, ಮೂರು ಪೆಟ್ಟು. ಗ್ಯಾಲಪ್‌ನಲ್ಲಿ ನಾಲ್ಕೂ ಕಾಲು ಬಿಡಿಬಿಡಿಯಾಗಿ ನೆಲ ಮುಟ್ಟುತ್ತವೆ, ನಾಲ್ಕು ಪೆಟ್ಟು. ನಾಲ್ಕು ಪೆಟ್ಟಿನದು ನಾಗಾಲೋಟವಾದರೆ ಮೂರು ಪೆಟ್ಟಿನದು ‘ಮುಕ್ಕಾಲೋಟ’ ಏಕಾಗಬಾರದು? ಮೂರು ಕಾಲಿನ ಓಟ ಎಂದೂ ಆಗುತ್ತದೆ, ಪೂರ್ತಿ ವೇಗಕ್ಕಿಂತ ಒಂದು ಕೈ ಕಡಿಮೆ, ಮುಕ್ಕಾಲು ಓಟ ಎಂದೂ ಆಗುತ್ತದೆ. ಒಂದೇ ಪದ ಎರಡು ದಾರಿಯಿಂದ ಬಂದು ಅದೇ ಮನೆಗೆ ಸೇರಿತಲ್ಲ ಎಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ನೆರೆಯವರಿಗೆ ಹೇಳಿದೆ. “ಕುಂಟುವ ಕುದುರೆ ಎಂದುಕೊಳ್ಳುತ್ತಾರೆ” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಇದು ಪರವಾಗಿಲ್ಲವೇ, ಅಥವಾ ಅವರ ಮಾತೇ ಸರಿಯೇ?

ಕಲಿಸುವುದಕ್ಕೂ ಪದ ಬೇಕು. ದುಬಾರೆ ಆನೆ ಶಿಬಿರದ ನೆರಳಿನಲ್ಲಿರುವ ನಮಗೆ ತಟ್ಟನೆ ಬರುವುದು ‘ಪಳಗಿಸು’. ಆದರೆ ಅದು ಕಾಡಿನಿಂದ ಹಿಡಿದು ತಂದ ಆನೆಗೆ. ಲಾಯದಲ್ಲಿ ಹುಟ್ಟಿದ ದಿನದಿಂದ ಮನುಷ್ಯರ ಕೈ ತಾಗಿದ ಮರಿಯನ್ನು ಪಳಗಿಸುವುದೇನು? ಮೊದಲು ಬಾಯಿಗೆ ಕಡಿವಾಣ, ಬೆನ್ನಿಗೆ ಪಟ್ಟಿ, ಆಮೇಲೆ ಜೀನು, ಕೊನೆಗೆ ಅಡ್ಡಲಾಗಿ ಮೆಲ್ಲಗೆ ಒರಗುವ ಹಗುರ ಮೈಯ ಸವಾರ. ಇದು ಒಗ್ಗಿಸುವ ಕೆಲಸ. ‘ಸವಾರಿಗೆ ಒಗ್ಗಿಸುವುದು’ ಎಂದೇ ಬರೆದೆ. ಬೆಳಗಿನ ಓಟದ ಅಭ್ಯಾಸಕ್ಕೆ ಮಾತ್ರ ಹಳಗನ್ನಡದವರು ‘ವೈಹಾಳಿ’ ಎಂಬ ಸಿದ್ಧಪದ ಬಿಟ್ಟುಹೋಗಿದ್ದಾರೆ. ಚಾಲುಕ್ಯ ದೊರೆ ಸೋಮೇಶ್ವರನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದ ‘ವಾಹ್ಯಾಲಿ’ಯೂ ಇದೇ. ಬೆಂಗಳೂರಿನ ವೈಯಾಲಿಕಾವಲಿನ ಹೆಸರಿನಲ್ಲಿ ಇರುವುದು ಈ ವೈಹಾಳಿಯೇ ಎಂಬುದನ್ನು ಬಲ್ಲವರು ಹೇಳಬೇಕು.

ಇನ್ನೊಂದು ಸಣ್ಣ ಸಂಗತಿ. ಕುದುರೆ ಕೊಳ್ಳುವಾಗ ಹಿರಿಯರು ಸುಳಿ ನೋಡುತ್ತಿದ್ದರು. ಶುಭ, ಅಶುಭ ಎಂದು. ಥರೋಬ್ರೆಡ್ ಕುದುರೆಯ ಗುರುತುಪತ್ರದಲ್ಲಿ ಮುಖದ, ಕತ್ತಿನ ಸುಳಿಗಳನ್ನು ಇಂದಿಗೂ ಚಿತ್ರದ ಮೇಲೆ ಗುರುತಿಸುತ್ತಾರೆ, ಅದೃಷ್ಟಕ್ಕಲ್ಲ, ನಮ್ಮ ಬೆರಳಚ್ಚಿನ ಹಾಗೆ. ಇದಕ್ಕೆ ಹೊಸ ಪದ ಹುಡುಕಬೇಕಾಗಿಯೇ ಬರಲಿಲ್ಲ.

ಕೊಡವ ತಕ್ಕಿನಲ್ಲಾಗಲಿ ಅರೆಭಾಷೆಯಲ್ಲಾಗಲಿ ಕುದುರೆಯ ಓಟದ ಬಗೆಗಳಿಗೆ ಮಾತುಗಳನ್ನು ಕೇಳಿದವರು, ತೋಟದ ದೊರೆಗಳ ಕಾಲದ ಲಾಯಗಳಲ್ಲಿ ದುಡಿದ ಅಜ್ಜಂದಿರ ಮನೆಯವರು ದಯವಿಟ್ಟು ತಿಳಿಸಿ. ಕರಡನ್ನು ಆ ವಿದ್ಯಾರ್ಥಿನಿಗೆ ಕೊಟ್ಟಿದ್ದೆ. ‘ಮುಕ್ಕಾಲೋಟ’ದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಪ್ರಶ್ನೆಯ ಚಿಹ್ನೆ ಹಾಕಿ ಹಿಂದಿರುಗಿಸಿದ್ದಾಳೆ.