ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಆರುತ್ತಿಲ್ಲ, ಎಂಒಟಿ (ಕಾರಿನ ವಾರ್ಷಿಕ ತಪಾಸಣೆ) ಹತ್ತಿರ ಬಂತು. ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ನಮ್ಮದು 2015ರ ಡೀಸೆಲ್ ಕಾರು, 82,000 ಮೈಲಿ ಓಡಿದೆ. ಮೂರು ವಾರದಿಂದ ಹಳದಿ ಡಿಪಿಎಫ್ ಲೈಟ್ ಕಾಡುತ್ತಿದೆ. ತಪ್ಪು ನಮ್ಮದೇ ಅನ್ನಿ. ಮಕ್ಕಳ ಸ್ಕೂಲು, ಅಂಗಡಿ, ಸ್ಟೇಷನ್ನು ಎಲ್ಲಾ ಎರಡು ಮೈಲಿಯೊಳಗೆ. ಎಂಜಿನ್ ಬಿಸಿಯಾಗುವ ಮೊದಲೇ ಆಫ್ ಮಾಡುತ್ತೇವೆ. ಇನ್ನು ಫಿಲ್ಟರಿನ ಮಸಿ ಸುಟ್ಟು ಹೋಗುವುದು ಯಾವಾಗ?

ಭಾನುವಾರ ಬೆಳಿಗ್ಗೆ ಎಂ4 ಹೆದ್ದಾರಿ ಹಿಡಿದು ಸ್ವಿಂಡನ್ ತನಕ ಸುಮ್ನೆ ಹೋಗಿ ಬಂದೆ, ಗಂಟೆಗೆ 65 ಮೈಲಿಯಲ್ಲಿ. ಲೈಟ್ ಆರಿತು. ನಾಲ್ಕೇ ದಿನಕ್ಕೆ ಮತ್ತೆ ಹಾಜರ್. ಟ್ಯಾಂಕಿಗೆ ಹಾಕುವ ಕ್ಲೀನರ್ ಕೂಡ ಸುರಿದೆ, ಏನೂ ಆಗಲಿಲ್ಲ. ನಿನ್ನೆ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆ ದಾಟಿದೆ, ಮೂಸಿದರೆ ಡೀಸೆಲ್ ವಾಸನೆ!

ಒಂದು ಗ್ಯಾರೇಜಿನವರು ಹೊಸ ಫಿಲ್ಟರ್, 1,400 ಪೌಂಡ್ ಅಂದರು. ಇನ್ನೊಬ್ಬರು ಬಿಚ್ಚಿ ತೊಳೆದುಕೊಡುತ್ತೇವೆ, 350 ಸಾಕು ಅಂದರು. ಮತ್ತೊಬ್ಬ ಮಹಾಶಯ ಒಳಗಿನದನ್ನು ತೆಗೆದೇಬಿಡೋಣ ಅಂದ. 2014ರಿಂದ ಡಿಪಿಎಫ್ ಇಲ್ಲದಿದ್ದರೆ ಎಂಒಟಿ ಫೇಲ್ ಅಲ್ವಾ, ಅದು ಬೇಡ.

ಎಂಒಟಿಗೆ ಇನ್ನು 18 ದಿನ. ಎಂಜಿನ್ ಲೈಟ್ ಇನ್ನೂ ಬಂದಿಲ್ಲ, ಅದು ಬಂದರೆ ಅದಕ್ಕೂ ಫೇಲ್.

ನನ್ನ ಗೊಂದಲ ಇಷ್ಟೇ: ಮೊದಲು ಆಯಿಲ್ ಬದಲಿಸಿ, ಫಿಲ್ಟರಿನ ಪ್ರೆಶರ್ ಸೆನ್ಸರ್ ಚೆಕ್ ಮಾಡಿಸಲಾ, ಇಲ್ಲಾ ನೇರವಾಗಿ ಫಿಲ್ಟರ್ ತೊಳೆಸಲಾ? ತೊಳೆಸಿದವರು ಯಾರಾದರೂ ಇದ್ದರೆ, ಅದು ಎಷ್ಟು ತಿಂಗಳು ಬಾಳಿಕೆ ಬಂತು ಹೇಳ್ತೀರಾ?