ಡಾರ್ಜಿಲಿಂಗ್‌ನ ಬಿ ವರ್ಗದ ಎಂಜಿನ್ ಏರಿನಲ್ಲಿ ನಿಂತುಬಿಡುತ್ತದೆ: ಓಡಿಸುವ ಬಗೆ ಹೇಗೆ, ಸಂಗ್ರಹವನ್ನು ಹೊಂದಿಸುವ ಬಗೆ ಹೇಗೆ?

ಸುಕ್ನಾ_ಏರು ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳಿಂದ ಕಂಪ್ಯೂಟರಿನಲ್ಲಿ ರೈಲು ಓಡಿಸುವ ಸಿಮ್ಯುಲೇಟರ್‌ಗಳಾದ ಟ್ರೈನ್‌ಝ್ ಮತ್ತು ಓಪನ್ ರೈಲ್ಸ್ ಎರಡರಲ್ಲೂ ನ್ಯಾರೋಗೇಜ್ (ಕಿರಿದಾದ ಹಳಿಯ) ಉಗಿ ಎಂಜಿನ್‌ಗಳನ್ನು ಕೂಡಿಸುತ್ತ ಬಂದಿದ್ದೇನೆ. ಈಗ ಅವುಗಳ ಸಂಖ್ಯೆ 140 ದಾಟಿದೆ. ವೇಲ್ಸ್‌ನ ಸ್ಲೇಟ್ ಗಣಿಗಳ ಎಂಜಿನ್‌ಗಳು, ಕೊಲರಾಡೋದ ಮೂರಡಿ ಗೇಜಿನ ಎಂಜಿನ್‌ಗಳು, ನಮ್ಮ ಕಾಲ್ಕಾ–ಶಿಮ್ಲಾ, ಮಾಥೇರಾನ್, ಡಾರ್ಜಿಲಿಂಗ್ ಎಂಜಿನ್‌ಗಳು ಎಲ್ಲವೂ ಒಂದೇ ಪಟ್ಟಿಯಲ್ಲಿ ಬೆರೆತುಹೋಗಿವೆ. ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಡಾರ್ಜಿಲಿಂಗ್‌ನ ಬಿ ವರ್ಗದ ಪುಟ್ಟ ನೀಲಿ ಎಂಜಿನ್. ಆದರೆ ಅದನ್ನು ಒಮ್ಮೆಯೂ ದಾರಿಯ ನೆತ್ತಿಯಲ್ಲಿರುವ ಘುಮ್ ನಿಲ್ದಾಣದವರೆಗೆ ತಲುಪಿಸಲು ನನ್ನಿಂದ ಆಗಿಲ್ಲ ಎಂಬುದು ಮನಸ್ಸನ್ನು ಕೊರೆಯುತ್ತಿದೆ.

ಓಪನ್ ರೈಲ್ಸ್‌ನಲ್ಲಿ ಐದು ಬೋಗಿಗಳನ್ನು ಜೋಡಿಸಿ, ಕಲ್ಲಿದ್ದಲು ಹಾಕುವ ಕೆಲಸವನ್ನೂ ನಾನೇ ವಹಿಸಿಕೊಂಡು ಹೊರಡುತ್ತೇನೆ. ಕಡತದ ಪ್ರಕಾರ ಒಂದು ಬೋಗಿಯ ತೂಕ 9 ಟನ್. ಸುಕ್ನಾ ದಾಟಿ ಕಾಡಿನ ಏರು ಶುರುವಾದ ಮೇಲೆ ಚಕ್ರಗಳು ಜಾರತೊಡಗುತ್ತವೆ. ಸಿಲಿಂಡರ್‌ಗಳಿಗೆ ಉಗಿ ಬಿಡುವ ರೆಗ್ಯುಲೇಟರನ್ನು ಪೂರ್ತಿ ತೆರೆದರೆ ಜಾರುವುದು ಇನ್ನೂ ಹೆಚ್ಚುತ್ತದೆ, ತಗ್ಗಿಸಿದರೆ ಗಾಡಿ ನಿಲ್ಲುತ್ತದೆ. ಹೇಗೋ ಮೊದಲನೆಯ ರಿವರ್ಸ್ (ಗಾಡಿ ಮುಂದೆ ಹಿಂದೆ ಸಾಗಿ ಅಂಕುಡೊಂಕಾಗಿ ಮೇಲೇರುವ ಜಾಗ) ತಲುಪುವ ಹೊತ್ತಿಗೆ ಉಗಿಯ ಒತ್ತಡ 140ರಿಂದ 90ಕ್ಕೆ ಇಳಿದಿರುತ್ತದೆ, ನೀರು ಗೇಜ್ ಗ್ಲಾಸಿನ (ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ) ತಳದಲ್ಲಿರುತ್ತದೆ. ಇದು ಮಾದರಿಯ ದೋಷವೋ, ನನ್ನ ಕೈಯ ದೋಷವೋ ತಿಳಿಯುತ್ತಿಲ್ಲ. ಇದರ ಜೊತೆಗೆ, ಇಷ್ಟು ದೊಡ್ಡದಾಗಿ ಬೆಳೆದಿರುವ ಸಂಗ್ರಹವನ್ನು ಯಾವ ಕ್ರಮದಲ್ಲಿ ಇಟ್ಟುಕೊಳ್ಳಬೇಕು ಎಂಬುದನ್ನೂ ಅನುಭವಿಗಳು ದಯವಿಟ್ಟು ತಿಳಿಸಬೇಕು.

ಮರಳಿನ_ಡಬ್ಬಿ ಬರೆದದ್ದು:

ನೀವು ವಿವರಗಳನ್ನು ಕೊಟ್ಟು ಕೇಳಿರುವುದರಿಂದ ಉತ್ತರ ಹೇಳುವುದು ಸುಲಭವಾಯಿತು. ನನ್ನ ಅಭಿಪ್ರಾಯದಲ್ಲಿ ಮಾದರಿ ಸರಿಯಾಗಿಯೇ ಇದೆ, ಹೊರೆ ಹೆಚ್ಚಾಗಿದೆ. ಕಾಗದದ ಮೇಲೆ ಒಂದು ಸಣ್ಣ ಲೆಕ್ಕ ಹಾಕಿದರೆ ಇದು ನಿಮಗೇ ಕಾಣುತ್ತದೆ.

ಬಿ ವರ್ಗದ ಎಂಜಿನ್‌ಗೆ 11 ಅಂಗುಲ ವ್ಯಾಸ, 14 ಅಂಗುಲ ಹೊಡೆತದ ಎರಡು ಸಿಲಿಂಡರ್‌ಗಳಿವೆ. ಚಕ್ರದ ವ್ಯಾಸ 26 ಅಂಗುಲ. ಬಾಯ್ಲರಿನ ಒತ್ತಡ ಚದರ ಅಂಗುಲಕ್ಕೆ 140 ಪೌಂಡ್. ಇವುಗಳಿಂದ ಬರುವ ಎಳೆಯುವ ಬಲ ಸುಮಾರು 7,750 ಪೌಂಡ್, ಅಂದರೆ ಹತ್ತಿರ ಹತ್ತಿರ 3,500 ಕಿಲೋ. ಎಂಜಿನ್ನಿನ ತೂಕವೇ ಸುಮಾರು 15 ಟನ್. ಒಣಗಿದ ಹಳಿಯ ಮೇಲೆ ತೂಕದ ಐದನೇ ಒಂದು ಪಾಲು ಹಿಡಿತ ಸಿಗುತ್ತದೆ ಎಂದು ಇಟ್ಟುಕೊಂಡರೆ, ಚಕ್ರ ಜಾರದಂತೆ ಬಳಸಲು ಸಾಧ್ಯವಿರುವ ಬಲ 3,000 ಕಿಲೋ ಮಾತ್ರ. ರೆಗ್ಯುಲೇಟರನ್ನು ಪೂರ್ತಿ ತೆರೆದಾಗ ಚಕ್ರ ಜಾರುವುದಕ್ಕೆ ಇದೇ ಕಾರಣ: ಸಿಲಿಂಡರ್ ಕೊಡಬಲ್ಲ ಬಲವನ್ನು ಹಳಿ ಹಿಡಿದುಕೊಳ್ಳಲಾರದು.

ಈಗ ಹೊರೆಯನ್ನು ನೋಡಿ. ಏರು 1:25 ಎಂದಿಟ್ಟುಕೊಂಡರೆ ಒಂದೊಂದು ಟನ್ನಿಗೂ 40 ಕಿಲೋ ಬಲ ಏರಿಗೇ ಹೋಗುತ್ತದೆ. ಉರುಳುವ ತಡೆ ಮತ್ತು ಆ ಬಿಗಿಯಾದ ತಿರುವುಗಳ ತಡೆಗೆ ಇನ್ನೊಂದು 10 ಕಿಲೋ ಸೇರಿಸಿ. ನಿಮ್ಮ ಐದು ಬೋಗಿಗಳ 45 ಟನ್, ಎಂಜಿನ್ನಿನ 15 ಟನ್ ಸೇರಿ 60 ಟನ್. ಬೇಕಾಗುವ ಬಲ 3,000 ಕಿಲೋ. ಇರುವುದೂ ಅಷ್ಟೇ, ಬೇಕಾಗಿರುವುದೂ ಅಷ್ಟೇ. ಒಂದು ಹನಿ ಮಳೆ ಬಿದ್ದರೂ ಗಾಡಿ ನಿಲ್ಲಲೇಬೇಕು. ಮೂರೇ ಬೋಗಿಗಳನ್ನು ಜೋಡಿಸಿದರೆ ಒಟ್ಟು 42 ಟನ್‌ಗೆ 2,100 ಕಿಲೋ ಸಾಕಾಗುತ್ತದೆ, ಕೈಯಲ್ಲಿ ಒಂದಿಷ್ಟು ಉಳಿಯುತ್ತದೆ. ನಿಜವಾದ ಡಾರ್ಜಿಲಿಂಗ್ ಎಂಜಿನ್‌ಗಳ ಮುಂಭಾಗದಲ್ಲಿ ಇಬ್ಬರು ಆಳುಗಳು ಕುಳಿತು, ಚಕ್ರದ ಮುಂದೆ ಹಳಿಯ ಮೇಲೆ ಕೈಯಿಂದಲೇ ಮರಳು ಉದುರಿಸುತ್ತಿದ್ದ ಚಿತ್ರಗಳನ್ನು ನೀವು ನೋಡಿರಬಹುದು. ಹಿಡಿತ ಎಂಬುದು ಆ ದಾರಿಯಲ್ಲಿ ಅಷ್ಟು ದುಬಾರಿ. ಆದ್ದರಿಂದ ಜಾರಿದ ಮೇಲೆ ಮರಳು ಬಿಡುವುದಲ್ಲ, ತಿರುವಿಗೆ ಬರುವ ಮೊದಲೇ ಬಿಡಬೇಕು.

ಇನ್ನು ಉಗಿ. ದೊಡ್ಡ ಬ್ರಾಡ್‌ಗೇಜ್ ಎಂಜಿನ್ ಓಡಿಸಿ ಬಂದವರು ಇಲ್ಲಿ ಮಾಡುವ ತಪ್ಪೆಂದರೆ, ಒಮ್ಮೆಲೇ ಕಲ್ಲಿದ್ದಲು ಸುರಿದು ಸುಮ್ಮನಿರುವುದು. ಈ ಬಾಯ್ಲರ್ ಚಿಕ್ಕದು, ಅದರಲ್ಲಿ ಕೂಡಿಟ್ಟ ಶಾಖವೂ ಕಡಿಮೆ. ಒಲೆಗೆ ಸೌದೆ ಒಟ್ಟಿದಂತೆ ಒಟ್ಟಿದರೆ ಬೆಂಕಿ ಮಂಕಾಗುತ್ತದೆ. ಅರ್ಧರ್ಧ ಸಲಿಕೆಯಂತೆ, ಪದೇ ಪದೇ, ತೆಳುವಾಗಿ ಹರಡಬೇಕು. ಬಾಯ್ಲರಿಗೆ ನೀರು ನುಗ್ಗಿಸುವ ಇಂಜೆಕ್ಟರ್ ತೆರೆದಾಗ ಒಳಗೆ ಹೋಗುವುದು ತಣ್ಣೀರಾದ್ದರಿಂದ ಒತ್ತಡ ಕೂಡಲೇ ಕುಗ್ಗುತ್ತದೆ. ಕಡಿದಾದ ಏರಿನ ನಡುವೆ ನೀರು ಬಿಡಬೇಡಿ, ನಿಲ್ದಾಣದಲ್ಲಿ ನಿಂತಾಗ ಮತ್ತು ಏರು ಸಡಿಲವಾದ ಕಡೆ ಬಿಡಿ. ಕಟ್-ಆಫ್ ಅನ್ನು (ಪ್ರತಿ ಹೊಡೆತದಲ್ಲಿ ಎಷ್ಟು ಪಾಲಿನವರೆಗೆ ಸಿಲಿಂಡರಿಗೆ ಉಗಿ ಬಿಡಬೇಕು ಎಂಬ ಅಳತೆ) ಗಾಡಿ ಹೊರಡುವಾಗ ಪೂರ್ತಿ ಇಟ್ಟು, ಗಂಟೆಗೆ 8 ಕಿಲೋಮೀಟರ್ ವೇಗ ಬಂದ ಮೇಲೆ ಅರ್ಧದ ಹತ್ತಿರಕ್ಕೆ ತನ್ನಿ. ಅದಕ್ಕಿಂತ ಕೆಳಗೆ ಇಳಿಸಿದರೆ ಈ ವೇಗದಲ್ಲಿ ಗಾಡಿ ಕುಲುಕುತ್ತದೆಯೇ ಹೊರತು ಉಳಿತಾಯವಾಗುವುದಿಲ್ಲ.

ರಿವರ್ಸ್‌ನ ಬಗ್ಗೆ ಒಂದು ಮಾತನ್ನು ಬಿಡುವಂತಿಲ್ಲ. ಮೇಲಕ್ಕೆ ಹೋಗುವಾಗ ಹೊಗೆಕೊಳವೆ ಮುಂದಿರುತ್ತದೆ, ಬಾಯ್ಲರಿನ ನೀರೆಲ್ಲ ಹಿಂದಕ್ಕೆ, ಬೆಂಕಿ ಉರಿಯುವ ಫೈರ್‌ಬಾಕ್ಸಿನ ಕಡೆಗೆ ಸರಿದಿರುತ್ತದೆ. ಗೇಜ್ ಗ್ಲಾಸ್ ಇರುವುದೂ ಅಲ್ಲಿಯೇ ಆದ್ದರಿಂದ ನೀರು ಹೆಚ್ಚಿದ್ದಂತೆ ತೋರುತ್ತದೆ. ರಿವರ್ಸ್‌ನ ನಡುವಿನ ತುಂಡಿನಲ್ಲಿ ಗಾಡಿ ಹಿಮ್ಮುಖವಾಗಿ ಏರುತ್ತದೆ. ಆಗ ಕ್ಯಾಬ್ ಇರುವ ತುದಿ ಮೇಲಾಗುತ್ತದೆ, ನೀರು ಮುಂದಕ್ಕೆ ಓಡುತ್ತದೆ, ಫೈರ್‌ಬಾಕ್ಸಿನ ನೆತ್ತಿ ನೀರಿನಿಂದ ಹೊರಬೀಳುವ ಅಪಾಯವಿರುತ್ತದೆ. ಒಂದು ನಿಮಿಷದ ಹಿಂದೆ ಅರ್ಧ ಗ್ಲಾಸ್ ತೋರಿಸಿದ್ದ ನೀರು ಕಣ್ಣೆದುರೇ ತಳಕ್ಕೆ ಇಳಿಯುವ ಜಾಗ ಇದು. ನಿಮ್ಮ ಮಾದರಿ ಇದನ್ನು ತೋರಿಸಲಿ, ಬಿಡಲಿ, ರಿವರ್ಸ್‌ಗೆ ಮುಂಚೆ ಮುಕ್ಕಾಲು ಗ್ಲಾಸ್ ನೀರು ಇರುವಂತೆ ನೋಡಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಅಂಥ ರಿವರ್ಸ್‌ಗಳು ಆ ದಾರಿಯಲ್ಲಿ ಆರು ಇವೆ.

ಎರಡಡಿ_ಹಳಿ ಬರೆದದ್ದು:

ಓಡಿಸುವ ವಿಷಯವನ್ನು ಮೇಲಿನವರು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ, ನಾನು ಸಂಗ್ರಹದ ಬಗ್ಗೆ ಬರೆಯುತ್ತೇನೆ. ನನ್ನ ಬಳಿಯೂ ಒಂದು ಕಾಲಕ್ಕೆ ಇನ್ನೂರಕ್ಕೂ ಹೆಚ್ಚು ಎಂಜಿನ್‌ಗಳಿದ್ದವು. ಈಗ ಮೂವತ್ತೆರಡು ಇವೆ, ಅವುಗಳಲ್ಲಿ ಒಂದೊಂದನ್ನೂ ನಾನು ಬಲ್ಲೆ. ಎಂಜಿನ್‌ಗಳನ್ನು ದೇಶದ ಪ್ರಕಾರವೋ ತಯಾರಕರ ಪ್ರಕಾರವೋ ವಿಂಗಡಿಸುವುದಕ್ಕಿಂತ, ಅವು ಓಡಿದ ಹಳಿಯ ಪ್ರಕಾರ ವಿಂಗಡಿಸುವುದು ಮೇಲು ಎಂಬುದು ನಾನು ಕಂಡುಕೊಂಡ ಮಾತು. ಎಂಜಿನ್ ಹಾಗೇಕಿದೆ ಎಂಬುದಕ್ಕೆ ಉತ್ತರ ಅದರ ದಾರಿಯಲ್ಲಿದೆ.

ಮಾಥೇರಾನ್ ದಾರಿಯನ್ನು ನೋಡಿ. 1907ರಲ್ಲಿ ತೆರೆದ ಈ ಎರಡಡಿ ಹಳಿಯಲ್ಲಿ 1:20ರ ಏರು ಇದೆ, ತಿರುವುಗಳು ಅತಿ ಬಿಗಿ. ಅದಕ್ಕೆಂದೇ ಜರ್ಮನಿಯ ಓರೆನ್‌ಸ್ಟೈನ್ ಅಂಡ್ ಕೊಪ್ಪೆಲ್ ಕಟ್ಟಿಕೊಟ್ಟ ಆರು ಚಕ್ರದ ಎಂಜಿನ್‌ಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಹೊತ್ತ ಟೊಳ್ಳು ಅಚ್ಚುಗಳು ಒಳಗಿನ ಗಟ್ಟಿ ಅಚ್ಚಿನ ಸುತ್ತ ಅಕ್ಕಪಕ್ಕಕ್ಕೆ ಹೊರಳುವಂತಿವೆ. ಡಾರ್ಜಿಲಿಂಗ್‌ನವರು ನಾಲ್ಕೇ ಚಕ್ರದ ಗಿಡ್ಡ ಎಂಜಿನ್ನನ್ನು ಆರಿಸಿಕೊಂಡರು. 1889ರಲ್ಲಿ ಶಾರ್ಪ್ ಸ್ಟೂಅರ್ಟ್ ಕಾರ್ಖಾನೆಯಿಂದ ಆರಂಭವಾದ ಬಿ ವರ್ಗ ಒಟ್ಟು 34ಕ್ಕೆ ಬೆಳೆಯಿತು, ಕೆಲವು ಅವರದೇ ತಿಂಧಾರಿಯಾ ಕಾರ್ಖಾನೆಯಲ್ಲಿ ತಯಾರಾದವು. ಹೆಚ್ಚು ಹೊರೆ ಎಳೆಯಲೆಂದು 1911ರಲ್ಲಿ ಒಂದು ಗ್ಯಾರಟ್ ಎಂಜಿನ್ನನ್ನೂ (ಮುಂದೊಂದು ಹಿಂದೊಂದು ಚಕ್ರಗಳ ಗುಂಪು, ನಡುವೆ ಬಾಯ್ಲರ್ ಇರುವ ಬಗೆ) ತರಿಸಿದರು, ಆದರೆ ಆ ಜಾತಿಯ ಎರಡನೆಯದು ಅಲ್ಲಿಗೆ ಬರಲಿಲ್ಲ. ಒಂದೇ ತೊಂದರೆಗೆ ಸಿಕ್ಕ ಈ ಮೂರು ಪರಿಹಾರಗಳನ್ನು ಪಕ್ಕಪಕ್ಕದಲ್ಲಿ ಓಡಿಸಿ ನೋಡಿದರೆ, ನೂರು ಎಂಜಿನ್‌ಗಳನ್ನು ತೆರೆದು ಮುಚ್ಚುವುದಕ್ಕಿಂತ ಹೆಚ್ಚಿನ ತೃಪ್ತಿ ಸಿಗುತ್ತದೆ.

ಗೇಜನ್ನು, ಅಂದರೆ ಹಳಿಗಳ ನಡುವಿನ ಅಗಲವನ್ನು, ನೀವೇ ಪರೀಕ್ಷಿಸಿಕೊಳ್ಳಬೇಕು. ಸಿಮ್ಯುಲೇಟರಿನ ಎಂಜಿನ್ ಹಳಿಯ ನಡುಗೆರೆಯನ್ನು ಹಿಡಿದು ಸಾಗುತ್ತದೆಯಷ್ಟೆ. 762 ಮಿಲಿಮೀಟರಿನ ಕಾಲ್ಕಾ–ಶಿಮ್ಲಾ ಎಂಜಿನ್ನನ್ನು 610 ಮಿಲಿಮೀಟರಿನ ಡಾರ್ಜಿಲಿಂಗ್ ಹಳಿಯ ಮೇಲೆ ಇಟ್ಟರೂ ಅದು ಬೇಡವೆನ್ನುವುದಿಲ್ಲ. ಚಕ್ರಗಳು ಹಳಿಯ ಹೊರಗೆ ಗಾಳಿಯಲ್ಲಿ ತಿರುಗುವುದನ್ನು ಕೆಳಗಿನಿಂದ ಕ್ಯಾಮೆರಾ ಇಟ್ಟು ನೋಡಿದಾಗಲೇ ತಿಳಿಯುವುದು. ಓಪನ್ ರೈಲ್ಸ್‌ನಲ್ಲಾದರೆ ಎಂಜಿನ್ ಕಡತದಲ್ಲಿ ಗೇಜ್ ಹೇಳುವ ಸಾಲು ಇದೆಯೇ ನೋಡಿ. ಅದಿಲ್ಲದಿದ್ದರೆ ತಂತ್ರಾಂಶ ಸ್ಟಾಂಡರ್ಡ್ ಗೇಜ್ ಎಂದೇ ತಿಳಿದು ತಿರುವಿನ ಲೆಕ್ಕ ಹಾಕುತ್ತದೆ. ಟ್ರೈನ್‌ಝ್‌ನಲ್ಲಿ ಎಂಜಿನ್ ಇಳಿಸಿಕೊಂಡ ಕೂಡಲೇ ಅದರ ಕ್ಯೂಯಿಡ್ ಸಂಖ್ಯೆಯನ್ನು (ಟ್ರೈನ್‌ಝ್‌ನಲ್ಲಿ ಒಂದೊಂದು ಕಡತಕ್ಕೂ ಇರುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ, ಅದಕ್ಕೆ ಬೇಕಾದ ಬೋಗಿಚಕ್ರ, ಧ್ವನಿ, ಕ್ಯಾಬ್ ಕಡತಗಳೆಲ್ಲ ಬಂದಿವೆಯೇ ಎಂದು ಅಂದೇ ನೋಡಿ. ನನ್ನ ಒಂದು ಗಣಿ ಎಂಜಿನ್ ಎರಡು ವರ್ಷ ಸದ್ದಿಲ್ಲದೆ ಓಡಿತು. ಅದರ ಧ್ವನಿಯ ಕಡತ ಸಿಗುವಷ್ಟರಲ್ಲಿ ಅದನ್ನು ರೂಪಿಸಿದವರು ತಮ್ಮ ಪುಟವನ್ನೇ ಮುಚ್ಚಿದ್ದರು.

ನಂದಿ_ನಿಲ್ದಾಣ ಬರೆದದ್ದು:

ಹಳಿಯ ಪ್ರಕಾರ ವಿಂಗಡಿಸಿ ಎಂಬ ಸಲಹೆಯನ್ನು ಓದಿ ಒಂದು ಕೋರಿಕೆ ಮುಂದಿಡಬೇಕೆನಿಸಿತು. ನಮ್ಮ ಮೈಸೂರು ಸಂಸ್ಥಾನದಲ್ಲಿಯೇ ಎರಡು ಬಗೆಯ ನ್ಯಾರೋಗೇಜ್ ಇದ್ದವು. ಬಂಗಾರಪೇಟೆ–ಕೋಲಾರ–ಚಿಕ್ಕಬಳ್ಳಾಪುರ–ಯಲಹಂಕ ದಾರಿ 762 ಮಿಲಿಮೀಟರಿನದು. ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಹೋಗುತ್ತಿದ್ದದ್ದು 610 ಮಿಲಿಮೀಟರಿನದು. ನಾನು ಹುಡುಕಿದ ಕಡೆಗಳಲ್ಲಿ ಈ ಎರಡು ದಾರಿಗಳೂ ಸಿಮ್ಯುಲೇಟರಿಗೆ ಸಿಗಲಿಲ್ಲ. ಚಿಕ್ಕಬಳ್ಳಾಪುರದ ದಾರಿಯಲ್ಲಿ ಈಗ ಬ್ರಾಡ್‌ಗೇಜ್ ಓಡುತ್ತಿದ್ದರೂ ನಂದಿಯ ಹಳೆಯ ನಿಲ್ದಾಣದ ಕಟ್ಟಡ ನಿಂತಿದೆ. ನಾನು ಕಳೆದ ತಿಂಗಳು ಟೇಪು ಹಿಡಿದು ಅದರ ಬಾಗಿಲು, ಕಿಟಕಿ, ಕಂಬಗಳನ್ನೆಲ್ಲ ಅಳೆದು ಬಂದಿದ್ದೇನೆ. ಟ್ರೈನ್‌ಝ್‌ಗಾಗಿ ಆ ಕಟ್ಟಡವನ್ನು ರೂಪಿಸುವ ಕೆಲಸ ನಡೆದಿದೆ. ಎಂಜಿನ್ ರೂಪಿಸಬಲ್ಲವರು ಕೈಜೋಡಿಸಿದರೆ ಬಹಳ ಉಪಕಾರವಾಗುತ್ತದೆ.

ಸುಕ್ನಾ_ಏರು ಬರೆದದ್ದು:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಮೂರು ಬೋಗಿಗಳೊಂದಿಗೆ ಹೊರಟೆ. ಎಂಜಿನ್ ಕಡತದಲ್ಲಿ ಗೇಜಿನ ಸಾಲು ನಿಜಕ್ಕೂ ಇರಲಿಲ್ಲ, ಸೇರಿಸಿದೆ. ತಿರುವಿಗೆ ಮುಂಚೆ ಮರಳು, ಅರ್ಧರ್ಧ ಸಲಿಕೆ ಕಲ್ಲಿದ್ದಲು, ನಿಂತಲ್ಲೆಲ್ಲ ನೀರು, ಹೇಳಿದಂತೆಯೇ ಮಾಡಿದೆ. ಕರ್ಸಿಯಾಂಗ್ ತಲುಪಿದಾಗ ಒತ್ತಡ 125 ಇತ್ತು. ಘುಮ್ ನಿಲ್ದಾಣವನ್ನು ಮೊದಲ ಬಾರಿಗೆ ಕಂಡೆ, ಕೈ ನಡುಗುತ್ತಿತ್ತು. ಆದರೆ ಅಲ್ಲಿಂದ ಬತಾಸಿಯಾ ಕಡೆಗೆ ಇಳಿಯುವಾಗ ಸೇಫ್ಟಿ ವಾಲ್ವ್ ನಿಲ್ಲದೆ ಉಗಿ ಕಾರುತ್ತಿತ್ತು. ಇದೇಕೆ?

ಮರಳಿನ_ಡಬ್ಬಿ ಬರೆದದ್ದು:

ಅಭಿನಂದನೆಗಳು. ಘುಮ್ 2,258 ಮೀಟರ್ ಎತ್ತರದಲ್ಲಿದೆ. ಅದು ದಾರಿಯ ನೆತ್ತಿ. ಅಲ್ಲಿಂದ ಡಾರ್ಜಿಲಿಂಗ್‌ವರೆಗೆ ಇಳಿಜಾರೇ ಆದ್ದರಿಂದ ಉಗಿಯ ಖರ್ಚು ಬಹಳ ಕಡಿಮೆ, ಆದರೆ ನಿಮ್ಮ ಬೆಂಕಿ ಇನ್ನೂ ಏರಿನ ಬೆಂಕಿಯಾಗಿದೆ. ಘುಮ್‌ಗೆ ಎರಡು ಕಿಲೋಮೀಟರ್ ಇರುವಾಗಲೇ ಕಲ್ಲಿದ್ದಲು ನಿಲ್ಲಿಸಿ, ನಿಲ್ದಾಣದಲ್ಲಿ ಇಂಜೆಕ್ಟರ್ ತೆರೆದು ಬಾಯ್ಲರ್ ತುಂಬಿಸಿ. ಎಂಜಿನ್ನಿನ ಮುಂಭಾಗ ಕೆಳಗಾದಾಗ ನೀರು ಮತ್ತೆ ಮುಂದಕ್ಕೆ ಸರಿಯುತ್ತದೆ ಎಂಬುದನ್ನು ಇಲ್ಲಿಯೂ ನೆನಪಿಡಿ; ಆ ಇಳಿಜಾರಿಗೆ ತುಂಬಿದ ಬಾಯ್ಲರೇ ಬೇಕು.